ಅಸಲು ಕಾಗದ ಯಲ್ಲಾಪುರದಲ್ಲಿದೆ

ಕಾನಸೂರಿನ ಪರಿಮಳಕ್ಕ ದೇವರ ಬತ್ತಿ ಹೊಸೆಯುವುದರಲ್ಲಿ ಹೆಸರು ಮಾಡಿದವಳು. ಸಿರಸಿಯ ಮೂರು ಗ್ರಂಧಿಗೆ ಅಂಗಡಿಗಳಿಗೆ ಅವಳದೇ ಬತ್ತಿ, ಅವಳದೇ ಗೆಜ್ಜೆವಸ್ತ್ರ. ಕಾರ್ತಿಕದಲ್ಲಿ ಸ್ವರ್ಣವಲ್ಲಿ ಮಠಕ್ಕೆ ಹೋಗುವ ಹೆಂಗಸರು ಅವಳ ಮನೆಗೆ ಬಂದು ಲಕ್ಷಬತ್ತಿಯ ಕಟ್ಟು ಕೇಳಿ ಒಯ್ಯುತ್ತಿದ್ದರು. ಬತ್ತಿಯನ್ನು ಬಿಗಿಯಾಗಿ ಹೊಸೆಯಬಾರದು, ಬಿಗಿಯಾದರೆ ಎಣ್ಣೆ ಹೀರುವುದಿಲ್ಲ ಎಂದು ನನಗೆ ಕಲಿಸಿದ್ದು ಅವಳೇ. ಮಧ್ಯಾಹ್ನದ ಹೊತ್ತು ಅವಳ ಜಗಲಿಯಲ್ಲಿ ಕೂತು ನಾನೂ ಹತ್ತಿ ಹಿಂಜುತ್ತಿದ್ದೆ. ಅವಳು ಮಾತಾಡಿದರೆ ಕೇಳುತ್ತಿದ್ದೆ. ಮಾತಿನ ನಡುವೆ ಯಲ್ಲಾಪುರದ ಹೆಸರು ಬಂದ ದಿನ ಅವಳ ಬತ್ತಿಗಳು ಬಿಗಿಯಾಗುತ್ತಿದ್ದವು. ಸಂಜೆ ಅವನ್ನೆಲ್ಲ ಬಿಚ್ಚಿ ಹಿಂಜಿ ಮತ್ತೆ ಹೊಸೆಯಬೇಕಾಗುತ್ತಿತ್ತು.

ಯಲ್ಲಾಪುರದಲ್ಲಿದ್ದವಳು ಬಿಸ್ಮಿಲ್ಲಾ ಬಿ. ಇಬ್ಬರ ಗಂಡಂದಿರನ್ನೂ ಒಂದೇ ದಿನ, ಒಂದೇ ಟೆಂಪೋದಿಂದ ಇಳಿಸಿ, ಒಂದೇ ಠಾಣೆಗೆ ಒಯ್ದಿದ್ದರು.

ದೀಪಾವಳಿಯ ಅಮಾವಾಸ್ಯೆಗೆ ಸೂರ್ಯಗ್ರಹಣ ಬಂದ ವರ್ಷ ಅದು, ತೊಂಬತ್ತೈದನೆಯ ಇಸವಿ. ಪರಿಮಳಕ್ಕನ ಗಂಡ ಗಣಪಣ್ಣ ಹಳ್ಳಿ ಹಳ್ಳಿ ತಿರುಗಿ ಬಾಳೆಗೊನೆ ಕೊಳ್ಳುತ್ತಿದ್ದ. ಬಿಸ್ಮಿಲ್ಲಾ ಬಿಯ ಗಂಡ ಗನಿ ಸಾಹೇಬರ ಟೆಂಪೋದಲ್ಲಿ ಹೇರಿಕೊಂಡು ಯಲ್ಲಾಪುರಕ್ಕೆ, ಅಲ್ಲಿಂದ ಮುಂದಕ್ಕೆ ಕಳಿಸುತ್ತಿದ್ದ. ನವೆಂಬರ್ ಹದಿನಾರರಂದು ದಾರಿಯಲ್ಲಿ ಪೊಲೀಸರು ಟೆಂಪೋ ನಿಲ್ಲಿಸಿದರು. ಯಾರದೋ ಗಂಧದ ಮರ ಕಳುವಾಗಿತ್ತು, ಹಸಿರು ಬಣ್ಣದ ಟೆಂಪೋವೊಂದನ್ನು ಹುಡುಕುತ್ತಿದ್ದರು. ಗನಿ ಸಾಹೇಬರ ಟೆಂಪೋ ಹಸಿರು. ಯಾವ ಠಾಣೆ ಎಂದು ಬರೆಯುವುದಿಲ್ಲ, ಅಲ್ಲಿ ಈಗ ಬೇರೆ ಜನ ಇದ್ದಾರೆ. ಎರಡು ದಿನ ಇಬ್ಬರನ್ನೂ ಹೊಡೆದರು. ಎರಡನೆಯ ದಿನ ಗನಿ ಸಾಹೇಬರು ಲಾಕಪ್ಪಿನಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವಾಗ ಜೀವ ಇರಲಿಲ್ಲ. ಆ ಗಡಿಬಿಡಿಯಲ್ಲಿ ಗಣಪಣ್ಣನನ್ನು ಜೀಪಿನಲ್ಲಿ ತಂದು ಕಾನಸೂರಿನ ಬಸ್ಸು ನಿಲ್ಲುವ ಜಾಗದಲ್ಲಿ ಇಳಿಸಿ ಹೋದರು. ಅವನು ಮನೆಯಲ್ಲಿ ಮಲಗಿದವನು ಏಳಲಿಲ್ಲ. ಮಾರ್ಗಶಿರ ಶುದ್ಧ ಪಂಚಮಿಯ ಬೆಳಿಗ್ಗೆ, ಹಿಡಿದುಕೊಂಡು ಹೋದ ದಿನದಿಂದ ಹನ್ನೊಂದನೆಯ ದಿನ, ತೀರಿಕೊಂಡ. ನೋಡಲು ಬಂದ ಡಾಕ್ಟರು ಹೃದಯ ನಿಂತು ಹೋಗಿದೆ ಎಂದು ಬರೆದುಕೊಟ್ಟರು. ಹೆಣ ಕೊಯ್ಯಿಸುವುದು ಬೇಡವೆಂದು ಮನೆಯ ಹಿರಿಯ, ಗಣಪಣ್ಣನ ಅಣ್ಣ, ಪರಿಮಳಕ್ಕನ ಭಾವ, ಅಂದೇ ಸಂಸ್ಕಾರ ಮುಗಿಸಿದ.

ಪೊಲೀಸರು ಇಬ್ಬರ ಮೇಲೂ ಗಂಧದ ಕಳವಿನ ಕೇಸು ಬರೆದಿದ್ದರು. ಆರೋಪಿಗಳಿಬ್ಬರೂ ಸತ್ತಿದ್ದರಿಂದ ಕೋರ್ಟಿನಲ್ಲಿ ಅದು ಮುಚ್ಚಿಹೋಯಿತು. ಮುಚ್ಚಿತು, ಅಷ್ಟೆ. ಅವರು ಕದ್ದಿರಲಿಲ್ಲ ಎಂದು ಯಾರೂ ಎಲ್ಲಿಯೂ ಬರೆಯಲಿಲ್ಲ. ಶಾಲೆಯಲ್ಲಿ ಮಗಳು ನಮಿತಾಳನ್ನು ಮಕ್ಕಳು "ಗಂಧದ ಗಣಪನ ಕೂಸು" ಎಂದು ಕರೆಯತೊಡಗಿದರು. ಪರಿಮಳಕ್ಕನಿಗೆ ಬೇಕಾದದ್ದು ಒಂದೇ. ತನ್ನ ಗಂಡ ಕಳ್ಳನಲ್ಲ, ಅವನು ಹೊಡೆತಕ್ಕೆ ಸತ್ತ ಎಂದು ಸರಕಾರದ ಯಾವುದಾದರೂ ಒಂದು ಕಾಗದದಲ್ಲಿ, ಅವನ ಹೆಸರು ಹಾಕಿ, ಬರೆದಿರಬೇಕು. ಆ ಕಾಗದ ನಮಿತಾಳ ಕೈಯಲ್ಲಿರಬೇಕು.

ಬಿಸ್ಮಿಲ್ಲಾ ಬಿ ಇದ್ದತ್ತಿಗೆ ಕೂತಳು. ಅವರಲ್ಲಿ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಅದು ಮುಗಿದದ್ದು ಮಾರ್ಚ್ ಕೊನೆಗೆ. ಏಪ್ರಿಲ್ಲಿನಲ್ಲಿ ಅವಳು ಮಗಳು ನಗ್ಮಾಳನ್ನು ಕರೆದುಕೊಂಡು ಎರಡು ಬಸ್ಸು ಬದಲಾಯಿಸಿ ಕಾನಸೂರಿಗೆ ಬಂದಳು. ನಗ್ಮಾ ಆಗ ಪಿಯುಸಿ ಓದುತ್ತಿದ್ದಳು. ದೆಹಲಿಯಲ್ಲಿ ಮಾನವ ಹಕ್ಕುಗಳ ಆಯೋಗ ಎಂದು ಹೊಸದಾಗಿ ಆಗಿದೆ, ಅಲ್ಲಿಗೆ ದೂರು ಕೊಡಲು ವಕೀಲರು ಬೇಡ, ಶುಲ್ಕವಿಲ್ಲ, ಕನ್ನಡದಲ್ಲಿ ಬರೆದರೂ ನಡೆಯುತ್ತದೆ ಎಂದು ಅವಳು ಪೇಪರಿನಲ್ಲಿ ಓದಿದ್ದಳು. ಗೆರೆ ಹಾಕಿದ ಹಾಳೆಯಲ್ಲಿ ದುಂಡಗೆ ದೂರು ಬರೆದು ತಂದಿದ್ದಳು. ಮೇಲೆ ಗನಿ ಸಾಹೇಬರ ಹೆಸರು, ಅದರ ಕೆಳಗೆ ಒಂದು ಸಾಲು ಖಾಲಿ.

ಬಿಸ್ಮಿಲ್ಲಾ ಬಿ ಹೇಳಿದ್ದು ಇಷ್ಟು: "ಪರಿಮಳಕ್ಕಾ, ನಿಮ್ಮ ಯಜಮಾನ್ರ ಹೆಸರೂ ಇದ್ರಾಗ ಹಾಕೋಣ್ರಿ. ಇಬ್ಬರ್ದೂ ಒಂದ ಗತಿ ಆಗೇತಿ. ನೀವೊಂದು ಸಹಿ ಮಾಡ್ರಿ ಸಾಕು. ವರ್ಷದೊಳಗ ಕಳಸಬೇಕಂತ."

ಪರಿಮಳಕ್ಕ ಸಹಿ ಮಾಡಲಿಲ್ಲ. ಮನೆಯಲ್ಲಿ ಸತ್ತವನ ವರ್ಷಾಂತ ಮುಗಿಯುವ ತನಕ ಹೊಸದಾಗಿ ಯಾವುದಕ್ಕೂ ಕೈ ಹಾಕುವ ಪದ್ಧತಿ ಇಲ್ಲ, ಕಾಗದಕ್ಕೆ ಸಹಿಯಂತೂ ಇಲ್ಲವೇ ಇಲ್ಲ, ಭಾವ ಒಪ್ಪುವುದಿಲ್ಲ ಎಂದು ಹೇಳಿದಳು. ಅದು ನಿಜವೇ ಆಗಿತ್ತು. ಬಂದವರಿಗೆ ಬೆಲ್ಲ, ನೀರು, ಮಜ್ಜಿಗೆ ಕೊಟ್ಟು ಕಳಿಸಿದಳು. ಆದರೆ ಆ ಕಾರಣದ ಒಳಗೆ ಇನ್ನೊಂದು ಕಾರಣವಿತ್ತು. ಅದನ್ನು ನನ್ನೆದುರು ಹೇಳಿಕೊಂಡದ್ದು ಮೂರು ವರ್ಷದ ಮೇಲೆ, ಹತ್ತಿಯಲ್ಲಿ ಕಣ್ಣು ನೆಟ್ಟುಕೊಂಡು.

"ಇವ್ರ ಹೆಸರು ಡ್ರೈವರನ ಹೆಸರಿನ ಕೆಳಗೆ ಬರವು ಹೇಳಾದ್ರೆ ಎನಗೆ ಸಹಿಸ್ಲೆ ಆಜಿಲ್ಲೆ, ತಂಗಿ. ಬಾಳೆಗೊನೆ ಇವ್ರದ್ದು, ವ್ಯಾಪಾರ ಇವ್ರದ್ದು. ಅವ ಬಾಡಿಗೆಗೆ ಬಂದವ."

ಬಿಸ್ಮಿಲ್ಲಾ ಬಿಯ ದೂರು ದೆಹಲಿಗೆ ಹೋಯಿತು. ಎರಡು ತಿಂಗಳಿಗೆ ನಂಬರು ಹಾಕಿದ ಉತ್ತರ ಬಂತು ಎಂಬ ಸುದ್ದಿ ಹತ್ತಿಯ ಅಂಗಡಿಯಲ್ಲಿ ಪರಿಮಳಕ್ಕನ ಕಿವಿಗೆ ಬಿತ್ತು. ಅಂದಿನಿಂದ ಅವಳಿಗೆ ನೆಮ್ಮದಿ ಇಲ್ಲ. ತನ್ನದೂ ಒಂದು ದೂರು ಹೋಗಬೇಕು, ತನಗೂ ಒಂದು ನಂಬರು ಬರಬೇಕು. ಭಾವನ ಹತ್ತಿರ ದಿನಾ ಕೇಳಿದಳು. ಕೇಳಿ ಕೇಳಿ ಅವನು ಕೊನೆಗೆ ಒಂದು ದಾರಿ ತೆಗೆದ. ವರ್ಷದೊಳಗೆ ಕಳಿಸಬೇಕು ಅಂತಲ್ಲವೇ ನಿಯಮ? ವರ್ಷಾಂತದ ಹಿಂದಿನ ದಿನ ಕಳಿಸು. ಆ ಹೊತ್ತಿಗೆ ತಿಂಗಳು ತಿಂಗಳಿನ ಮಾಸಿಕಗಳೆಲ್ಲ ಮುಗಿದಿರುತ್ತವೆ, ಸತ್ತವನಿಗೂ ತೊಂದರೆಯಿಲ್ಲ, ನಿಯಮಕ್ಕೂ ತೊಂದರೆಯಿಲ್ಲ. ಎರಡೂ ಕಡೆ ಕಾಲಿಟ್ಟ ಉಪಾಯ ಎಂದು ಮನೆಯವರೆಲ್ಲ ಮೆಚ್ಚಿದರು. ಇಂಗ್ಲಿಷು ತಾರೀಕು ನೋಡಬೇಕಲ್ಲವೋ ಎಂದು ನಮಿತಾ ಒಮ್ಮೆ ಕೇಳಿದ್ದಳಂತೆ.

"ವರ್ಷ ಅಂದ್ರೆ ತಿಥಿಯಿಂದ ತಿಥಿಗೆ, ಕೂಸೇ," ಎಂದ ಭಾವ. "ಕ್ಯಾಲೆಂಡರು ಇಪ್ಪುದು ಗೋಡೆಗೆ ಹಾಕ್ಲೆ."

ಆ ವರ್ಷ ಅಧಿಕ ಆಷಾಢ ಬಂದಿತ್ತು. ಪಂಚಾಂಗದ ವರ್ಷಕ್ಕೆ ಹದಿಮೂರು ತಿಂಗಳು. ಅಧಿಕ ಮಾಸಕ್ಕೂ ಒಂದು ಮಾಸಿಕ ಮಾಡಿದ ಆ ಮನೆಯಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ. ನಾನೂ ಆ ಮಾಸಿಕಕ್ಕೆ ಹೋಗಿ ವಡೆ ಕರಿದುಕೊಟ್ಟವಳು, ನನಗೂ ಹೊಳೆಯಲಿಲ್ಲ. ಮಾರ್ಗಶಿರ ಶುದ್ಧ ಚೌತಿಯ ದಿನ ಪರಿಮಳಕ್ಕ ಮಿಂದು, ದೇವರಿಗೆ ದೀಪ ಹಚ್ಚಿ, ಸಿರಸಿಯ ಪೋಸ್ಟಿನಲ್ಲಿ ದೂರನ್ನು ರಿಜಿಸ್ಟರ್ ಮಾಡಿದಳು. ಅಂದು ಡಿಸೆಂಬರ್ ಹದಿನಾಲ್ಕು. ಘಟನೆ ನಡೆದದ್ದು ಹಿಂದಿನ ವರ್ಷದ ನವೆಂಬರ್ ಹದಿನಾರು. ದೆಹಲಿಯವರು ಎಣಿಸುವುದು ತಾರೀಕಿನಿಂದ ತಾರೀಕಿಗೆ.

ಮಾಘದಲ್ಲಿ ಅವಳಿಗೂ ಉತ್ತರ ಬಂತು. ಕಂದು ಲಕೋಟೆ, ಒಳಗೆ ಅರ್ಧ ಪುಟ ಇಂಗ್ಲಿಷು. ಲಕೋಟೆಯನ್ನು ಮೊದಲು ದೇವರ ಮುಂದಿಟ್ಟು, ಆಮೇಲೆ ಶಾಲೆಯ ಮಾಸ್ತರರ ಹತ್ತಿರ ಓದಿಸಿದಳು. ಘಟನೆ ನಡೆದು ಒಂದು ವರ್ಷ ದಾಟಿದ ದೂರನ್ನು ಕಾನೂನಿನ ಪ್ರಕಾರ ಆಯೋಗ ವಿಚಾರಿಸುವಂತಿಲ್ಲ, ಆದ್ದರಿಂದ ಮುಕ್ತಾಯ ಮಾಡಿದೆ ಎಂದಿತ್ತು. ಮಾಸ್ತರರು ಎರಡನೆಯ ಸಲ ಓದಿ ಹೇಳಿದರು. ಅವಳು ಕೇಳಿದ್ದು ಒಂದೇ ಮಾತು: "ಪಂಚಮಿಗೆ ಇನ್ನೂ ಒಂದು ದಿನ ಇತ್ತಲಾ?"

ಮಾಸ್ತರರಿಗೆ ಅರ್ಥವಾಗಲಿಲ್ಲ. ಅರ್ಥವಾದ ಭಾವ ಆ ವರ್ಷದ ಪಂಚಾಂಗವನ್ನು ಮಾಡಿಗೆ ಸಿಕ್ಕಿಸಿದವನು ಮತ್ತೆ ಇಳಿಸಲಿಲ್ಲ. ತಪ್ಪು ತನ್ನದು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಅವಳ ಸಿಟ್ಟೆಲ್ಲ ಹೋಗಿ ಕೂತದ್ದು ಯಲ್ಲಾಪುರದಲ್ಲಿ.

ಆಮೇಲಿನ ವರ್ಷಗಳಲ್ಲಿ ಯಲ್ಲಾಪುರದ ಒಂದೊಂದು ಸುದ್ದಿಯೂ ಅವಳಿಗೆ ಬೇಕು, ಕೇಳಿದರೆ ಸಂಕಟ. ಬಿಸ್ಮಿಲ್ಲಾ ಬಿಯನ್ನು ಕಾರವಾರಕ್ಕೆ ಕರೆದು ಹೇಳಿಕೆ ಬರೆದುಕೊಂಡರಂತೆ. ಸಾಹೇಬರೊಬ್ಬರು ಅವಳಿಗೆ ಕುರ್ಚಿ ಕೊಟ್ಟರಂತೆ. ದೆಹಲಿಯಿಂದ ಜಿಲ್ಲೆಗೆ ಎರಡು ಸಲ ನೆನಪಿನ ಪತ್ರ ಬಂತಂತೆ. ಕುರ್ಚಿಯ ಸುದ್ದಿ ಕೇಳಿದ ದಿನ ಪರಿಮಳಕ್ಕ, ಆ ಕುರ್ಚಿ ಕಬ್ಬಿಣದ್ದೋ ಕಟ್ಟಿಗೆಯದ್ದೋ ಎಂದು ನನ್ನನ್ನು ಕೇಳಿದಳು. ಎರಡು ಸಲ ಕೇಳಿದಳು.

ದೂರು ಹೋಗುವ ಮೊದಲೇ ಗನಿ ಸಾಹೇಬರ ಫೈಲು ದೆಹಲಿಯಲ್ಲಿ ತೆರೆದಿತ್ತು ಎಂಬುದು ತಿಳಿದದ್ದೂ ಆ ದಿನಗಳಲ್ಲೇ. ಪೊಲೀಸರ ವಶದಲ್ಲಿ ಯಾರೇ ಸತ್ತರೂ ಇಪ್ಪತ್ತನಾಲ್ಕು ಗಂಟೆಯೊಳಗೆ ಜಿಲ್ಲೆಯವರು ಆಯೋಗಕ್ಕೆ ತಿಳಿಸಬೇಕೆಂದು ಕಟ್ಟಳೆ ಇದೆ. ಗನಿ ಸಾಹೇಬರು ವಶದಲ್ಲಿ ಸತ್ತವರು. ಗಣಪಣ್ಣ ಮನೆಯಲ್ಲಿ, ಹಾಸಿಗೆಯ ಮೇಲೆ, ಹೆಂಡತಿಯ ಕೈಯಿಂದ ಗಂಗೆ ಕುಡಿದು ಸತ್ತವನು. ಅವನ ಸಾವನ್ನು ಯಾರೂ ಯಾರಿಗೂ ತಿಳಿಸಬೇಕಾಗಿರಲಿಲ್ಲ. ಇದನ್ನು ಕೇಳಿದ ಪರಿಮಳಕ್ಕ ಅಂದದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಅವಳು ಅಂದದ್ದು ಹೌದು.

"ಗನಿ ಪುಣ್ಯ ಮಾಡಿದ್ದ. ಅಲ್ಲೇ ಸತ್ತ. ಇವ್ರನ್ನ ಮನೆಗೆ ಕಳಿಸಿದ್ದೇ ತಪ್ಪಾತು."

ನಾನು ಹತ್ತಿ ಹಿಂಜಿದೆ. ಅವಳು ಆಮೇಲೆ ಒಳಗೆ ಹೋಗಿ ಕೈಕಾಲು ತೊಳೆದುಕೊಂಡು ದೇವರಿಗೆ ಅಡ್ಡಬಿದ್ದು ಬಂದಳು.

ತೊಂಬತ್ತೊಂಬತ್ತರಲ್ಲಿ ಆಯೋಗದ ತೀರ್ಮಾನ ಬಂತು. ಬಿಸ್ಮಿಲ್ಲಾ ಬಿ ಅದರ ಝೆರಾಕ್ಸು ತೆಗೆಸಿಕೊಂಡು ಮತ್ತೆ ಕಾನಸೂರಿಗೆ ಬಂದಳು. ಈ ಸಲ ಒಬ್ಬಳೇ. ನಾನು ಜಗಲಿಯಲ್ಲಿದ್ದೆ. ಮೂರು ಪುಟ, ಇಂಗ್ಲಿಷು, ಹಿಂದುಗಡೆ ಪೆನ್ಸಿಲಿನಲ್ಲಿ ನಗ್ಮಾ ಬರೆದ ಕನ್ನಡ. ಗನಿ ಸತ್ತದ್ದು ಪೊಲೀಸರ ಹೊಡೆತದಿಂದ, ಅವನ ಹೆಂಡತಿಗೆ ರಾಜ್ಯ ಸರಕಾರ ಪರಿಹಾರ ಕೊಡಬೇಕು, ಹೊಡೆದ ಇಬ್ಬರ ಮೇಲೆ ಇಲಾಖೆ ಕ್ರಮ ತೆಗೆದುಕೊಳ್ಳಬೇಕು ಎಂದು ಆಯೋಗ ಶಿಫಾರಸು ಮಾಡಿತ್ತು. ಶಿಫಾರಸು ಎಂದರೆ ಹೇಳುವುದು, ಅಷ್ಟೆ. ಆಯೋಗಕ್ಕೆ ಯಾರನ್ನೂ ಜೈಲಿಗೆ ಹಾಕುವ ಅಧಿಕಾರ ಇಲ್ಲ. ಪರಿಹಾರದ ಹಣ ಬಂತು, ತಡವಾಗಿ ಬಂತು. ಹೊಡೆದವರಲ್ಲಿ ಒಬ್ಬ ಅಷ್ಟರಲ್ಲಿ ನಿವೃತ್ತನಾಗಿದ್ದ, ಇನ್ನೊಬ್ಬನಿಗೆ ಬೇರೆ ಊರಿಗೆ ವರ್ಗವಾಯಿತು. ಅದನ್ನೇ ಕ್ರಮ ಎಂದರು.

ಮೂರನೆಯ ಪುಟದ ಮೇಲೆ ಬಿಸ್ಮಿಲ್ಲಾ ಬಿ ಬೆರಳಿಟ್ಟು ತೋರಿಸಿದಳು. ಟೆಂಪೋ ವಶಕ್ಕೆ ತೆಗೆದುಕೊಂಡಾಗ ಬರೆದ ಪಂಚನಾಮೆಯಲ್ಲಿ ಗಂಧದ ಮಾತೇ ಇಲ್ಲ, ಅರವತ್ತೆರಡು ಬಾಳೆಗೊನೆಗಳು ಮಾತ್ರ ಇದ್ದವು ಎಂದು ಅಲ್ಲಿತ್ತು. ಜೊತೆಯಲ್ಲಿದ್ದ ಕಾನಸೂರಿನ ಗಣಪ ಎಂಬುವನ ಮೈಮೇಲೂ ಅದೇ ತರಹದ ಪೆಟ್ಟುಗಳಿದ್ದವು, ಅವನೂ ಕೆಲವೇ ದಿನಗಳಲ್ಲಿ ತೀರಿಕೊಂಡ ಎಂದೂ ಇತ್ತು. ಅಂದು ಸಹಿ ಮಾಡದೆ ಕಳಿಸಿದ ಮೇಲೆ, ಖಾಲಿ ಇದ್ದ ಆ ಸಾಲಿನಲ್ಲಿ ಬಿಸ್ಮಿಲ್ಲಾ ಬಿ ಗಣಪಣ್ಣನ ಹೆಸರನ್ನು ತಾನಾಗಿಯೇ ಬರೆಸಿದ್ದಳು.

ಪರಿಮಳಕ್ಕ ಅತ್ತಳೆಂದು ನೀವು ತಿಳಿದರೆ ತಪ್ಪು. ಅವಳು ಝೆರಾಕ್ಸನ್ನು ಬೆಳಕಿಗೆ ಹಿಡಿದು, ಗೋಲ ಮೊಹರು ಯಾಕೆ ಇಷ್ಟು ಕಪ್ಪು ಎಂದು ಕೇಳಿದಳು. ಅಸಲಿನಲ್ಲಿ ನೀಲಿ ಇದೆ, ಝೆರಾಕ್ಸಿನಲ್ಲಿ ಎಲ್ಲವೂ ಕಪ್ಪೇ ಬರುತ್ತದೆ ಎಂದಳು ಬಿಸ್ಮಿಲ್ಲಾ ಬಿ. ಬಂದವಳು ಬಸ್ಸಿಗೆ ಹೋದ ಮೇಲೆ ಪರಿಮಳಕ್ಕ ಕಾಗದವನ್ನು ಮಡಿಸತೊಡಗಿದಳು. ಗನಿಯ ಹೆಸರು ಒಳಗೆ ಹೋಗಿ ಗಣಪನ ಸಾಲು ಮಾತ್ರ ಹೊರಗೆ ಕಾಣುವ ಹಾಗೆ ನಾಲ್ಕು ಸಲ ಮಡಿಸಿ ನೋಡಿದಳು. ಹೇಗೆ ಮಡಿಸಿದರೂ ಎರಡೂ ಹೆಸರು ಒಂದೇ ಮಗ್ಗುಲಲ್ಲಿ ಬರುತ್ತಿದ್ದವು.

"ಕೇಳದ್ದೆ ಬರಸಿದ್ದು ನೋಡು," ಎಂದಳು. "ದೊಡ್ಡಸ್ತನ ಎಲ್ಲ ಅದಕ್ಕೇ ಹೋತು. ಅಸಲೂ ಅದರ ಹತ್ರವೇ." ನಮ್ಮ ಮಾತಿನಲ್ಲಿ ಹೆಂಗಸರನ್ನು ‘ಅದು’ ಎನ್ನುವುದೇ ರೂಢಿ.

ಎರಡು ಸಾವಿರದ ಮೂರರಲ್ಲಿ ನಮಿತಾಳಿಗೆ ಸಿದ್ದಾಪುರದ ಕಡೆಯಿಂದ ಸಂಬಂಧ ಬಂತು. ಹುಡುಗ ತುಷಾರ, ಸೊಸೈಟಿಯಲ್ಲಿ ಗುಮಾಸ್ತ. ಜಾತಕ ಕೂಡಿತು, ಎಲ್ಲ ಕೂಡಿತು. ಕೊನೆಗೆ ಹುಡುಗನ ತಂದೆ, ಹುಡುಗಿಯ ಅಪ್ಪನ ಮೇಲೆ ಏನೋ ಕೇಸು ಇತ್ತಂತಲ್ಲ ಎಂದು ಭಾವನ ಹತ್ತಿರ ಮೆಲ್ಲಗೆ ಕೇಳಿದರು. ಪರಿಮಳಕ್ಕ ಝೆರಾಕ್ಸು ತಂದು ಮುಂದಿಟ್ಟಳು. ಅವರು ಓದಿ, ಕನ್ನಡಕ ತೆಗೆದು, ಅಸಲು ಇದೆಯೋ ಎಂದರು. ಅವರು ತಾಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಝೆರಾಕ್ಸಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಪರಿಮಳಕ್ಕ ಮರುದಿನವೇ ಯಲ್ಲಾಪುರಕ್ಕೆ ಹೋದಳು. ಆ ಮನೆಯ ಮೆಟ್ಟಿಲು ಅವಳು ಹತ್ತಿದ್ದು ಅದೇ ಮೊದಲು. ಬಿಸ್ಮಿಲ್ಲಾ ಬಿ ಕಪಾಟಿನಿಂದ ಅಸಲನ್ನು ತೆಗೆದು ಪ್ಲಾಸ್ಟಿಕ್ಕಿನ ಚೀಲದಲ್ಲಿ ಹಾಕಿ ಕೊಟ್ಟಳು. ಯಾವಾಗ ತಿರುಗಿ ಕೊಡುತ್ತೀರಿ ಎಂದು ಕೇಳಲಿಲ್ಲ.

ನೀಲಿ ಮೊಹರು ನೋಡಿದ ಮೇಲೆ ಹುಡುಗನ ತಂದೆ ಇನ್ನೊಂದು ಮಾತು ಆಡಲಿಲ್ಲ. ವೈಶಾಖದಲ್ಲಿ ಮದುವೆಯಾಯಿತು. ಶಾಸ್ತ್ರಗಳೆಲ್ಲ ಮುಗಿದವು, ನಮಿತಾ ಗಂಡನ ಮನೆಗೆ ಹೋಗಿ ಬಂದಳು, ಮಳೆಗಾಲ ಕಳೆಯಿತು. ಕಾಗದ ಮಾತ್ರ ಪರಿಮಳಕ್ಕನ ಬತ್ತಿಯ ಪೆಟ್ಟಿಗೆಯಲ್ಲೇ ಉಳಿಯಿತು. ಮುಂದಿನ ವಾರ ಕೊಡ್ತೆ ಎನ್ನುತ್ತಿದ್ದಳು. ಹತ್ತಿ ತೆಗೆಯುವ ನೆಪದಲ್ಲಿ ಮುಚ್ಚಳ ತೆರೆದು ನೋಡುತ್ತಿದ್ದಳು. ಒಮ್ಮೆ, ಅದಕ್ಕೆ ಝೆರಾಕ್ಸು ಸಾಕಲ್ಲದಾ ಎಂದು ನನ್ನನ್ನು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಅವಳಿಗೆ ಜಗಳವಾಡಲು ಅನುಕೂಲವಾಗುತ್ತಿತ್ತು.

ಯಲ್ಲಾಪುರದಿಂದ ಕಾಗದದ ಬಗ್ಗೆ ಮಾತು ಬರಲೇ ಇಲ್ಲ. ಬಂದಿದ್ದರೆ ಅವಳು ಇಟ್ಟುಕೊಳ್ಳುತ್ತಿದ್ದಳೇನೋ. ಮಾತು ಬರದೇ ಇದ್ದದ್ದೇ ಅವಳನ್ನು ಕೊರೆಯಿತು. ಮಾರ್ಗಶಿರ ಬಂತು. ಶ್ರಾದ್ಧದ ಅಕ್ಕಿ ತೊಳೆಯುತ್ತಿದ್ದವಳು ಒಮ್ಮೆಲೇ, ನಾಳಿದ್ದು ಯಲ್ಲಾಪುರಕ್ಕೆ ಹೋಗಬೇಕು, ನೀನೂ ಬಾ ಎಂದಳು.

ಬಿಸ್ಮಿಲ್ಲಾ ಬಿ ಹಾಸು ಹಾಕಿ ಕೂರಿಸಿದಳು. ನಾವು ಚಹಾ ಕುಡಿಯುವುದಿಲ್ಲ ಎಂದು ತಿಳಿದು ಎಳನೀರು ತರಿಸಿದ್ದಳು. ಪರಿಮಳಕ್ಕ ಪ್ಲಾಸ್ಟಿಕ್ಕಿನ ಚೀಲವನ್ನು ಮುಂದಿಟ್ಟು, ತಡವಾಯಿತು ಎಂದಷ್ಟೇ ಅಂದಳು. ಬಿಸ್ಮಿಲ್ಲಾ ಬಿ ಚೀಲವನ್ನು ತೆಗೆದುಕೊಳ್ಳಲಿಲ್ಲ. ನಿಮಗೆ ಬೇಕಾಗಿದ್ದರೆ ಇಟ್ಟುಕೊಳ್ಳಿ, ಇದು ಮನೆಯಲ್ಲಿ ಇಲ್ಲದ ಈ ಏಳೆಂಟು ತಿಂಗಳು ತನಗೆ ಒಳ್ಳೆಯ ನಿದ್ದೆ ಬಂತು ಎಂದಳು. ಪರಿಮಳಕ್ಕ, ಇಂಥ ಕಾಗದ ಸಿಗಲು ಪುಣ್ಯ ಬೇಕು, ತನಗೆ ಅದಿರಲಿಲ್ಲ ಎಂದಳು. ಮಾತಿನಲ್ಲಿ ಮುಳ್ಳಿತ್ತು. ಬಿಸ್ಮಿಲ್ಲಾ ಬಿ ಅವಳ ಮುಖವನ್ನೇ ನೋಡಿದಳು.

"ನಿಮ್ಮ ಯಜಮಾನ್ರು ಹನ್ನೊಂದನೇ ದಿನಕ್ಕ ಹೋದ್ರು ರೀ ಅಕ್ಕಾ," ಎಂದಳು. "ಅದ್ರಾಗ ಎಂಟೊಂಬತ್ತು ದಿನ ನಿಮ್ಮ ಮನಿಯಾಗ ಇದ್ರು. ನೀವು ನೀರು ಕುಡಿಸೀರಿ, ಮಾತಾಡ್ಸೀರಿ. ನನಗ ತೋರಿಸಿದ್ದು ಮಾರಿ ಒರಸಿ, ಬಿಳೀ ಬಟ್ಟಿ ಕಟ್ಟಿ ಆದಮ್ಯಾಲೆ. ಈ ಕಾಗದ ಕೈಗೆ ತಗೊಂಡಾಗೆಲ್ಲ ನನಗ ನಿಮ್ಮ ಮ್ಯಾಲೆ ಹೊಟ್ಟಿ ಉರೀತಿತ್ತು. ಇವತ್ತಿಗೂ ಉರೀತೈತಿ."

ಪರಿಮಳಕ್ಕ ಎಳನೀರಿನ ಲೋಟವನ್ನು ಕೆಳಗಿಟ್ಟಳು. ಚೀಲವನ್ನು ತಾನೇ ಎತ್ತಿಕೊಂಡು, ಎದ್ದು ಹೋಗಿ, ಕಪಾಟಿನಲ್ಲಿ ಮೊದಲಿದ್ದ ಜಾಗ ಯಾವುದೆಂದು ಕೇಳಿ ಅಲ್ಲಿ ಇಟ್ಟು ಬಂದಳು.

ಸಿರಸಿಯ ಬಸ್ಸಿನಲ್ಲಿ ನಾವು ಅಕ್ಕಪಕ್ಕ ಕೂತಿದ್ದೆವು. ಬಹಳ ದೂರ ಬಂದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಅದಕ್ಕೆ ಎನ್ನ ಮೇಲೆ ಹೊಟ್ಟೆಕಿಚ್ಚಿತ್ತಡ, ತಂಗಿ. ಇಷ್ಟು ವರ್ಷ."

ಆ ದನಿಯಲ್ಲಿ ಸಣ್ಣದೊಂದು ಗರ್ವ ಇತ್ತು, ಸುಳ್ಳೇಕೆ ಹೇಳಲಿ. ಅಷ್ಟು ವರ್ಷ ಬತ್ತಿ ಹೊಸೆಯುತ್ತ ಅವಳು ಠಾಣೆಯ ಮಾತಾಡಿದ್ದಳು, ದೆಹಲಿಯ ಮಾತಾಡಿದ್ದಳು, ಯಲ್ಲಾಪುರದ ಮಾತಾಡಿದ್ದಳು. ಗಂಡ ಮನೆಯಲ್ಲಿ ಮಲಗಿದ್ದ ಆ ಎಂಟೊಂಬತ್ತು ದಿನಗಳ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ಅಂದು ಬಸ್ಸಿನಲ್ಲಿ ಎತ್ತಿದಳು. ಮೊದಲ ಎರಡು ದಿನ ಅವನು ಮಗ್ಗುಲು ಬದಲಿಸಲೂ ಬಿಡಲಿಲ್ಲವಂತೆ. ನಾಲ್ಕನೆಯ ದಿನ ಗಂಜಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಬೇಕೆಂದನಂತೆ, ಜಗಿಯಲಾರದೆ ರಸ ಮಾತ್ರ ಚೀಪಿದನಂತೆ. ನಮಿತಾಳಿಂದ ಮಗ್ಗಿ ಹೇಳಿಸಿದನಂತೆ. ಹೊಡೆದವರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳುತ್ತಿದ್ದದ್ದು ಒಂದೇ, ದಿನಾ ಕೇಳುತ್ತಿದ್ದ: ಬಾಳೆಗೊನೆಗಳು ಎಂಥ ಆದವು, ಯಾರಾದರೂ ಇಳಿಸಿಕೊಂಡರೋ, ಅಲ್ಲೇ ಹಣ್ಣಾಗಿ ಹೋದವೋ.

ಅವಳಿಗೆ ಆಗ ಗೊತ್ತಿರಲಿಲ್ಲ. ಇಳಿಸಿಕೊಂಡಿದ್ದಾರೆ ಎಂದು ಅವನ ಸಮಾಧಾನಕ್ಕೆ ಹೇಳುತ್ತಿದ್ದಳಂತೆ. ಎಷ್ಟು ಗೊನೆ ಇತ್ತೆಂಬುದು ಅವಳಿಗೆ ತಿಳಿದದ್ದು ಮೂರು ವರ್ಷ ಕಳೆದ ಮೇಲೆ, ಆಯೋಗದ ಮೂರನೆಯ ಪುಟದಿಂದ.

"ಅರವತ್ತೆರಡು," ಎಂದಳು, ಕಿಟಕಿಯ ಹೊರಗೆ ನೋಡುತ್ತ. "ಪೊಲೀಸ್ರು ಒಂದೂ ಬಿಡದ್ದೆ ಬರಕಂಡಿದ್ದ."

ಮರುದಿನ ಅವಳ ಜಗಲಿಯಲ್ಲಿ ಹೊಸೆದ ಬತ್ತಿಗಳನ್ನು ನಾನು ಒಂದೊಂದಾಗಿ ಮುಟ್ಟಿ ನೋಡಿದೆ. ನಾಲ್ಕೈದು ಬಿಗಿಯಾಗಿದ್ದವು. ಉಳಿದವೆಲ್ಲ ಸಡಿಲ.